ಆಗುವ ಬೇಜಾರು, ಮಾಡಿಕೊಳ್ಳುವ ಬೇಜಾರು

ವಾರದಲ್ಲಿ ನಾಲ್ಕು ದಿನ ಉಪ್ಪಿಟ್ಟಾದರೆ ಬೇಜಾರು. ಮದುವೆಗೆ ಕರೆಯದಿದ್ದರೆ ಬೇಜಾರು. ಪರಿಚಯದವರು ತೀರಿಕೊಂಡರೆಂದು ತಿಳಿದಾಗಲೂ ಬಾಯಿಗೆ ಬರುವುದು ‘ಛೆ, ತುಂಬಾ ಬೇಜಾರಾಯ್ತು’. ಕೈಸಾಲ ಕೇಳಿದವರಿಗೆ ಇಲ್ಲ ಎನ್ನುವ ಮುಂಚೆ ‘ಬೇಜಾರು ಮಾಡ್ಕೋಬೇಡಿ’ ಎಂದು ಪೀಠಿಕೆ ಹಾಕುತ್ತೇವೆ. ಇಷ್ಟೊಂದು ಚಾಕರಿ ಮಾಡುವ ಪದ ಕನ್ನಡದಲ್ಲಿ ಅಪರೂಪ.

ಪದ ಹೊರಗಿನಿಂದ ಬಂದದ್ದು. ಪಾರಸಿಯ ‘ಬೇಜಾರ್’ಗೆ ರೋಸಿಹೋದ, ಜಿಗುಪ್ಸೆಗೊಂಡ ಎಂಬ ಖಾರದ ಅರ್ಥ. ಉರ್ದು, ಮರಾಠಿಗಳಲ್ಲೂ ಅದು ಬಳಕೆಯಲ್ಲಿದೆ. ನಮ್ಮಲ್ಲಿ ‘ಬೇಸರ’ ಮೊದಲೇ ಇತ್ತು. ಧಾರವಾಡದ ಕಡೆಯವರು ಇಂದಿಗೂ ‘ಬ್ಯಾಸರ’, ‘ಬ್ಯಾಸರಕಿ’ ಎನ್ನುತ್ತಾರೆ. ದನಿಯೂ ಅರ್ಥವೂ ಹತ್ತಿರವಿದ್ದುದರಿಂದ ಬೇಜಾರು ಸಲೀಸಾಗಿ ಇಲ್ಲಿನದೇ ಆಯಿತು, ಖಾರವನ್ನೂ ಕಳೆದುಕೊಂಡಿತು.

ಈ ಪದದ ಜೊತೆ ಬರುವ ಕ್ರಿಯಾಪದವನ್ನು ಗಮನಿಸಿ. ‘ನನಗೆ ಬೇಜಾರಾಗ್ತಿದೆ’ ಎನ್ನುತ್ತೇವೆ. ಹಸಿವಾಗುವ ಹಾಗೆ, ಸುಸ್ತಾಗುವ ಹಾಗೆ ಅದು ತಾನಾಗಿ ಆಗುವಂಥದ್ದು. ಸಮಾಧಾನ ಹೇಳುವವರು ಮಾತ್ರ ಥಟ್ಟನೆ ಕ್ರಿಯಾಪದ ಬದಲಿಸುತ್ತಾರೆ: ‘ಬೇಜಾರು ಮಾಡ್ಕೋಬೇಡ.’ ಆಗುತ್ತಿದ್ದದ್ದು ಮಾಡಿಕೊಂಡದ್ದಾಯಿತು. ಪ್ರೀತಿಯಿಂದಲೇ ಆಡಿದ ಮಾತು, ಆದರೂ ಹೊಣೆಯೆಲ್ಲ ನೊಂದವರ ತಲೆಗೇ ಬಂತು. ಹಸಿವಾಗಿದೆ ಎಂದವರಿಗೆ ‘ಹಸಿವು ಮಾಡ್ಕೋಬೇಡ’ ಎಂದು ಯಾರೂ ಹೇಳುವುದಿಲ್ಲ.

ಬೇಜಾರು ಕಾಯಿಲೆಯ ಮಟ್ಟ ಮುಟ್ಟಿದರೆ ಅದಕ್ಕೆ ‘ಖಿನ್ನತೆ’ ಎನ್ನುತ್ತಾರೆ; ಆದರೆ ಅದು ಪತ್ರಿಕೆಯ, ಪಠ್ಯದ ಪದ. ‘ನನಗೆ ಖಿನ್ನತೆಯಾಗಿದೆ’ ಎಂದು ಮನೆಯಲ್ಲಿ ಯಾರು ಬಾಯಿ ಬಿಡುತ್ತಾರೆ? ತಲೆನೋವು, ಮೈಕೈ ನೋವು, ನಿಶ್ಯಕ್ತಿ ಎಂದು ಎಷ್ಟೋ ಜನ ವೈದ್ಯರ ಹತ್ತಿರ ಹೋಗುತ್ತಾರೆ. ಮನಸ್ಸಿನ ಮಾತು ಬಂದರೆ ‘ಯಾಕೋ ಬೇಜಾರು’ ಎಂದು ನಿಲ್ಲಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ 10ಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು; ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಹಾಗೆಂದು ಬೇಜಾರೆಲ್ಲ ಕಾಯಿಲೆಯಲ್ಲ. ಅದಕ್ಕೆ ಇನ್ನೊಂದು ಕ್ರಿಯಾಪದವೂ ಉಂಟು: ಕಳೆಯುವುದು. ಬೇಜಾರು ಕಳೆಯಲೆಂದೇ ಊರಿಗೊಂದು ಅರಳಿಕಟ್ಟೆ, ಹರಟೆ, ಸಂಜೆಯ ನಡಿಗೆ ಇದ್ದವು. ಹೊತ್ತಿಗೆ ಸರಿಯಾದ ನಿದ್ದೆ, ಮೈ ಬೆವರುವಷ್ಟು ಓಡಾಟ, ಮನಬಿಚ್ಚಿ ಮಾತಾಡಲು ಒಬ್ಬರು: ಇಂದಿನ ವೈದ್ಯರೂ ಹೇಳುವುದು ಹೆಚ್ಚುಕಡಿಮೆ ಇದನ್ನೇ. ಫೋನ್ ನೋಡುತ್ತ ಕೂತರೆ ಹೊತ್ತು ಕಳೆಯುತ್ತದೆ, ಬೇಜಾರು ಅಲ್ಲೇ ಉಳಿದಿರುತ್ತದೆ.

ಕಳೆಯಲು ನೋಡಿದರೂ ಕಳೆಯದ ಬೇಜಾರೇ ಬೇರೆ. ದಿನದ ಬಹುಹೊತ್ತು, ಹೆಚ್ಚುಕಡಿಮೆ ದಿನವೂ, ಎರಡು ವಾರ ದಾಟಿ ಉಳಿದಿದೆ, ಇಷ್ಟದ ಕೆಲಸವೂ ರುಚಿಸುತ್ತಿಲ್ಲ, ನಿದ್ದೆ ಊಟ ಏರುಪೇರಾಗಿವೆ ಎಂದಾದರೆ ಅದು ಖಿನ್ನತೆಯಿರಬಹುದು. ಚಿಕಿತ್ಸೆಯಿದೆ, ಗುಣವಾಗುತ್ತದೆ. ‘ಬದುಕೇ ಬೇಜಾರಾಗಿದೆ’ ಎಂದು ಯಾರಾದರೂ ಅಂದರೆ ಅದನ್ನು ಮಾತಿನ ವರಸೆಯೆಂದು ತೇಲಿಸಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬಹುದು. ಕೇಳಿದ ಮಾತ್ರಕ್ಕೆ ಅಂಥ ಯೋಚನೆ ಹುಟ್ಟುವುದಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ, 14416ಕ್ಕೆ, ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಖರ್ಚಿಲ್ಲ.

ನಮ್ಮಿಂದ ಆಗಬೇಕಾದದ್ದು ಸಣ್ಣ ತಿದ್ದುಪಡಿ. ‘ಮಾಡ್ಕೋಬೇಡ’ ಎನ್ನುವ ಬದಲು ‘ಯಾವಾಗಿಂದ ಆಗ್ತಿದೆ?’ ಎಂದು ಕೇಳೋಣ. ‘ನಿನ್ನೆಯಿಂದ’ ಎಂದರೆ ಒಂದು ಲೋಟ ಕಾಫಿ ಕೊಟ್ಟು ಮಾತಿಗೆ ಕೂರೋಣ. ಈಗ ಯುಗಾದಿಯಾಗಿದ್ದು, ಉತ್ತರ ‘ದೀಪಾವಳಿಯಿಂದ’ ಎಂದು ಬಂದರೆ ಕಾಫಿ ಮುಗಿಸಿ, ಜೊತೆಯಲ್ಲೇ ವೈದ್ಯರ ಬಳಿಗೆ ಹೊರಡೋಣ.