ಹೊಳೆ ಕೆಂಪಾಗುವ ಮುನ್ನ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. "ಮೇಷ್ಟ್ರೇ, ಮಕ್ಕಳ ರಜೆ ಮುಗಿಯಲು ಇನ್ನು ಹತ್ತೇ ದಿನ. ಒಂದು ದಿನವಾದರೂ ಹೊಳೆ ದಡಕ್ಕೆ ಕರೆದೊಯ್ಯಬೇಕು ಎಂದುಕೊಂಡಿದ್ದೇನೆ. ನಿಮ್ಮ ಕಾಲದಲ್ಲಿ ಎಲ್ಲಿಗೆ ಹೋಗುತ್ತಿದ್ದಿರಿ?" ಎಂದು ಕೇಳಿದಳು. ಉತ್ತರ ಫೋನಿನಲ್ಲಿ ಮುಗಿಯಲಿಲ್ಲ. ಅದನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ: ಈ ನಾಲ್ಕು ತಾಲ್ಲೂಕುಗಳಲ್ಲಿ (ಸಾಲಿಗ್ರಾಮ, ಸರಗೂರುಗಳು ಈಗ ಪ್ರತ್ಯೇಕ ತಾಲ್ಲೂಕುಗಳು, ಎಣಿಸುವಾಗ ಹಳೆಯ ಅಭ್ಯಾಸ ಬಿಡದು) ಬೇಸಿಗೆ ಮುಗಿದುದನ್ನು ನಾವು ಹೊಳೆಯ ಬಣ್ಣ ನೋಡಿ ತಿಳಿಯುತ್ತಿದ್ದೆವು. ಕಾವೇರಿ ಹುಟ್ಟುವುದು ಕೊಡಗಿನಲ್ಲಿ, ಲಕ್ಷ್ಮಣತೀರ್ಥ ಬ್ರಹ್ಮಗಿರಿಯಲ್ಲಿ, ಕಪಿಲೆಯೆಂದೂ ಕರೆಯುವ ಕಬಿನಿ ವಯನಾಡಿನಲ್ಲಿ. ಮೇ ತಿಂಗಳಲ್ಲಿ ಬಂಡೆಗಳ ನಡುವೆ ಮೊಣಕಾಲುದ್ದ ಹರಿಯುವ ತಿಳಿನೀರು, ಅಲ್ಲಿ ಮುಂಗಾರು ಹಿಡಿದ ಕೆಲವೇ ದಿನಗಳಲ್ಲಿ ಕೆಂಪಗಾಗಿ ದಡ ಮುಟ್ಟುತ್ತದೆ. ನಮ್ಮೂರಿನಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಏರಿರುತ್ತದೆ. ಆಗೆಲ್ಲ ಶಾಲೆ ತೆರೆಯುತ್ತಿದ್ದುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಏಪ್ರಿಲ್ ತಿಂಗಳು ಮದುವೆ, ಜಾತ್ರೆ, ಹಪ್ಪಳ ಸಂಡಿಗೆಗಳಲ್ಲಿ ಕಳೆದುಹೋಗುತ್ತಿತ್ತು. ಹೀಗಾಗಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊರಡಲು ಉಳಿಯುತ್ತಿದ್ದುದು ಮೇ ತಿಂಗಳ ಕೊನೆಯ ಹತ್ತು ಹನ್ನೆರಡು ದಿನ ಮಾತ್ರ.

ಆ ದಿನಗಳೂ ಎಲ್ಲರಿಗೂ ದಕ್ಕುತ್ತಿರಲಿಲ್ಲ. ನಾನು ಪಾಠ ಹೇಳತೊಡಗಿದ ಕಾಲಕ್ಕೆ ಹುಣಸೂರು, ಪಿರಿಯಾಪಟ್ಟಣಗಳ ಕೆಂಪು ನೆಲದಲ್ಲಿ ವರ್ಜೀನಿಯಾ ತಂಬಾಕು ಹರಡುತ್ತಿತ್ತು. ಬೇಸಿಗೆಯಲ್ಲಿ ಸಸಿಮಡಿಗೆ ನೀರು ಹೊಯ್ಯಬೇಕು. ಮೇ ತಿಂಗಳಲ್ಲಿ ಮೊದಲ ಹದಮಳೆ ಬಿದ್ದೊಡನೆ ನಾಟಿ. ತಂಬಾಕಿನ ಮನೆಯ ಮಕ್ಕಳಿಗೆ ಬೇಸಿಗೆ ರಜೆ ಎಂದರೆ ಕೊಡ ಹೊರುವ ರಜೆ. ಜೂನಿನಲ್ಲಿ "ರಜೆಯಲ್ಲಿ ನಾನು ಕಂಡದ್ದು" ಎಂದು ಪ್ರಬಂಧ ಬರೆಸುವ ಪದ್ಧತಿ ನಮ್ಮಲ್ಲಿತ್ತು. ಒಬ್ಬ ಹುಡುಗ ಬರೆದದ್ದು ಒಂದೇ ಸಾಲು: "ನಾನು ಸಸಿ ಕಂಡೆನು." ಆ ವರ್ಷದಿಂದ ಆ ವಿಷಯ ಕೊಡುವುದನ್ನು ನಾನು ನಿಲ್ಲಿಸಿದೆ. ಅವನು ಇದನ್ನು ಓದುತ್ತಿದ್ದರೆ ನನ್ನನ್ನು ಕ್ಷಮಿಸಲಿ.

ನಮ್ಮೂರು ಹುಣಸೂರು ಮತ್ತು ಕೃಷ್ಣರಾಜನಗರಗಳ ನಡುವೆ. ನಮ್ಮ ಮನೆಯ ಹೊಳೆಯೂಟ ಬಹುತೇಕ ಚುಂಚನಕಟ್ಟೆಯಲ್ಲಿ. ಬೆಳಗಿನ ಜಾವ ಕಮಾನುಗಾಡಿ ಕಟ್ಟಿ, ಹುಲ್ಲಿನ ಮೇಲೆ ಜಮಖಾನ ಹಾಸಿ, ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಹುಳಿಯನ್ನ, ಮೊಸರನ್ನಗಳ ಪಾತ್ರೆಗಳನ್ನು ಮಡಿಲಲ್ಲಿಟ್ಟುಕೊಂಡು ಹೊರಡುತ್ತಿದ್ದೆವು. ಧನುಷ್ಕೋಟಿ ಎಂದು ಕರೆಯುವ ಅಲ್ಲಿನ ಜಲಪಾತ ಮೇ ತಿಂಗಳಲ್ಲಿ ಸೊರಗಿ, ಬಂಡೆಗಳ ಸಂದಿನಲ್ಲಿ ಎಳೆಎಳೆಯಾಗಿ ಇಳಿಯುತ್ತದೆ. ಸೀತೆ ಮಿಂದ ಎಣ್ಣೆ, ಸೀಗೆ, ಅರಿಸಿನಗಳ ಬಣ್ಣ ಆ ನೀರಿಗೆ ಉಳಿಯಿತೆಂಬುದು ಸ್ಥಳದ ಐತಿಹ್ಯ. ದಡದ ಕೋದಂಡರಾಮನ ಗುಡಿಯಲ್ಲಿ ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ. ಗರ್ಭಗುಡಿಯ ಬಳಿ ಜಲಪಾತದ ಸದ್ದು ಕೇಳದು ಎಂಬ ಪ್ರತೀತಿಯೂ ಉಂಟು. ನಾವು ಮಕ್ಕಳು ಪ್ರತಿ ವರ್ಷ ಒಬ್ಬನನ್ನು ಒಳಗೆ, ಒಬ್ಬನನ್ನು ಹೊರಗೆ ನಿಲ್ಲಿಸಿ ಪರೀಕ್ಷಿಸುತ್ತಿದ್ದೆವು. ಸದ್ದು ಕೇಳುತ್ತಿರಲಿಲ್ಲ, ನಿಜ. ಮೇ ತಿಂಗಳಲ್ಲಿ ಹೊರಗೂ ಅಷ್ಟಾಗಿ ಕೇಳುತ್ತಿರಲಿಲ್ಲವೆಂಬುದು ನಮಗೆ ಹೊಳೆದಿರಲಿಲ್ಲ.

ಊಟವಾದ ಮೇಲೆ ಹೆಂಗಸರು ನೆರಳಲ್ಲಿ ಎಲೆಯಡಿಕೆ ಹಾಕುವರು, ಹುಡುಗರು ಮರಕೋತಿ ಆಡುವರು. ನೀರಿಗಿಳಿಯಲು ಅಪ್ಪಣೆ ಅಪ್ಪನದು. ಆತ ಮೊದಲು ತಾನು ಇಳಿದು, ಕೋಲಿನಿಂದ ಮಡು ಅಳೆದು, ಗೆರೆ ತೋರಿಸುತ್ತಿದ್ದ. ಆ ಗೆರೆಯಾಚೆ ಹೋದವನಿಗೆ ಮುಂದಿನ ವರ್ಷ ಗಾಡಿಯಲ್ಲಿ ಜಾಗವಿರಲಿಲ್ಲ.

ಕೃಷ್ಣರಾಜನಗರದ ಕಡೆಯ ನೆಂಟರು ಎಡತೊರೆಯ ಅರ್ಕೇಶ್ವರನ ಗುಡಿಯ ಬಳಿ ಸೇರುತ್ತಿದ್ದರು. ತಾಲ್ಲೂಕಿನ ಹಳೆಯ ಊರು ಅದೇ. ಕಾವೇರಿಯ ಪ್ರವಾಹಕ್ಕೆ ಎಡತೊರೆ ನಲುಗಿದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹೊಸ ಊರು ಕಟ್ಟಿ, ಅವರ ಹೆಸರನ್ನೇ ಇಟ್ಟರು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಹಿನ್ನೀರನ್ನು ಸಾಗರಕಟ್ಟೆಯ ಸೇತುವೆಯ ಮೇಲೆ ರೈಲಿನಲ್ಲಿ ದಾಟುವುದೇ ನಮಗೊಂದು ವಿಹಾರವಾಗಿತ್ತು. ನಾಲ್ಕು ಪಟ್ಟಣಗಳಲ್ಲಿ ರೈಲು ಇದ್ದುದು ಅದೊಂದಕ್ಕೇ. ಪಿರಿಯಾಪಟ್ಟಣದವರು ಬೆಟ್ಟದಪುರದ ಮೆಟ್ಟಿಲು ಹತ್ತುತ್ತಿದ್ದರು. ಹುಣಸೂರಿನವರಿಗೆ ಲಕ್ಷ್ಮಣತೀರ್ಥದ ಹನಗೋಡು ಅಣೆ, ಇಲ್ಲವೆ ಗೊಮ್ಮಟಗಿರಿ.

ಇವೆಲ್ಲವನ್ನೂ ನೆನೆಯುವಾಗ ನನ್ನ ಮನಸ್ಸು ನಿಲ್ಲುವುದು ಹೆಗ್ಗಡದೇವನಕೋಟೆಯಲ್ಲಿ. ಅದು ನಮ್ಮವ್ವನ ತವರು ಸೀಮೆ. ಅಲ್ಲಿನ ಕಿತ್ತೂರು ಪ್ರಾಚೀನ ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿದ್ದಾರೆ. ಕ್ರಿ.ಶ. 2ನೆಯ ಶತಮಾನದ ಟಾಲೆಮಿ ತನ್ನ ಭೂಗೋಳದಲ್ಲಿ ಪುನ್ನಾಟವನ್ನು ಹೆಸರಿಸಿ, ಅಲ್ಲಿ ಬೆರಿಲ್ ರತ್ನ ಸಿಗುವುದನ್ನು ಹೇಳಿದ್ದಾನೆ. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಪೂರ್ಣಗೊಂಡಿತು. ಸುಮಾರು 19.5 ಟಿಎಂಸಿ ನೀರಿನಡಿಗೆ 22 ಹಳ್ಳಿಗಳೂ 14 ಕೊಪ್ಪಲು, ಹಾಡಿಗಳೂ ಹೋದವು. ಅವುಗಳಲ್ಲೊಂದು ಅವ್ವ ಹುಟ್ಟಿದ ಹಳ್ಳಿ. ಕೆಳಗಿನ ಊರುಗಳಲ್ಲಿ ಭತ್ತ ಬೆಳೆಯಿತು. ನಾನೂ ಅದನ್ನು ಉಂಡವನೇ. ಆದರೆ ಅವ್ವ ಅನಂತರ ತವರಿಗೆ ಹೋಗುತ್ತೇನೆ ಎಂಬ ಮಾತನ್ನು ಆಡಲಿಲ್ಲ.

2002, 2003 ಎರಡೂ ಬರದ ವರ್ಷಗಳು. 2003ರ ಮೇ ಕೊನೆಯ ಭಾನುವಾರ, ಮೊಮ್ಮಕ್ಕಳ ಹಟಕ್ಕೆ ವ್ಯಾನು ಮಾಡಿಕೊಂಡು ಹಿನ್ನೀರಿನ ಕಡೆ ಹೊರಟೆವು. ನೀರು ಬಹಳ ಹಿಂದೆ ಸರಿದು, ಬಿರಿದ ಕೆಸರಿನ ಮೇಲೆ ಎಳೆಹುಲ್ಲು ಎದ್ದಿತ್ತು. ಕಾಡಿನ ಆನೆಗಳು ಬೇಸಿಗೆಯಲ್ಲಿ ಹಿಂಡುಹಿಂಡಾಗಿ ಬರುವುದು ಈ ಹುಲ್ಲಿಗೇ; ಅಂದು ಆಚೆ ದಡದಲ್ಲಿ ಕಪ್ಪು ಚುಕ್ಕೆಗಳಂತೆ ಕಂಡವು. ಅವ್ವ ಮಾತನಾಡದೆ ಹುಲ್ಲಿನ ಮೇಲೆ ನಡೆದಳು. ಒಂದೆಡೆ ನೆಲದಲ್ಲಿ ಹೂತ ಒರಳುಕಲ್ಲೊಂದು ಬಾಯಿ ತೆರೆದಿತ್ತು. ಅದರ ಅಂಚನ್ನು ಸವರಿ ನೋಡಿ, "ಇದು ನಮ್ಮದೇ" ಎಂದಳು. ಅಲ್ಲಿಂದ ಹೆಜ್ಜೆ ಎಣಿಸಿ, ಇದು ನಡುಮನೆ, ಇದು ಕೊಟ್ಟಿಗೆ, ಇದು ಅಂಗಳ ಎಂದು ತೋರಿಸಿದಳು. ಆ ಅಂಗಳದಲ್ಲಿಯೇ ಬುತ್ತಿ ಬಿಚ್ಚಿದೆವು.

ಊಟವಾದ ಮೇಲೆ ಮಕ್ಕಳು ಒಡೆದ ಹೆಂಚಿನ ಬಿಲ್ಲೆಗಳನ್ನು ಆಯ್ದು ಲಗೋರಿ ಪೇರಿಸಿದವು. ಅದು ಅವ್ವನ ಮನೆಯ ಸೂರಿನ ಹೆಂಚಿರಬಹುದೆಂದು ನಾನು ಗದರಿದೆ. ಮೇಷ್ಟರ ಬುದ್ಧಿ! ಅವ್ವ ಒರಳುಕಲ್ಲಿನ ಪಕ್ಕದಲ್ಲೇ ಕುಳಿತು, "ಆಡ್ಲಿ ಬುಡೋ, ಅಂಗಳ ನಂದು" ಎಂದಳು. ಮೂರು ಆಟ ನಡೆದವು. ಎರಡರಲ್ಲಿ ಚೆಂಡು ಅವ್ವನ ಮಡಿಲಿಗೇ ಬಿತ್ತು.

ಎರಡು ವಾರದ ಬಳಿಕ ವಯನಾಡಿನಲ್ಲಿ ಮಳೆ ಹಿಡಿಯಿತೆಂದು ಪತ್ರಿಕೆಯಲ್ಲಿ ಬಂತು. ಅವ್ವನಿಗೆ ಓದಿ ಹೇಳಿದೆ. "ಒರಳು ಮುಳುಗಿರುತ್ತೆ" ಎಂದಳು.

ವಿದ್ಯಾರ್ಥಿನಿಗೆ ಹೇಳಿದ್ದು ಇಷ್ಟು: ಹೋಗುವುದಾದರೆ ಈ ಭಾನುವಾರವೇ ಹೋಗಿ. ಮನೆಯಿಂದಲೇ ಬುತ್ತಿ ಕಟ್ಟಿಕೊಳ್ಳಿ. ನೀರು ತುಸು ಕೆಂಪಾಗಿ ಕಂಡರೂ ಮಕ್ಕಳನ್ನು ಇಳಿಸಬೇಡಿ, ದಡದಲ್ಲೇ ಲಗೋರಿ ಆಡಿಸಿ. ಅಜ್ಜಿಯನ್ನು ಮನೆ ಕಾಯಲು ಬಿಟ್ಟು ಹೋಗಬೇಡಿ.