ಬಾಲಚರ ದಳಗಳ ಪುನರುಜ್ಜೀವನ

ಸಂಸ್ಥೆಯನ್ನು ಸ್ಥಾಪಿಸುವುದಕ್ಕಿಂತಲೂ, ಕುಂದಿದುದನ್ನು ಮರಳಿ ನಿಲ್ಲಿಸುವುದು ಕಷ್ಟತರವಾದುದು. ಸ್ಕೌಟ್ ಎಂದು ಖ್ಯಾತವಾದ ಬಾಲಚರ ಚಳುವಳಿಯ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ.

1907ರಲ್ಲಿ ಬೇಡನ್ ಪೊವೆಲರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಬಾಲಕರನ್ನು ಕೂಡಿಸಿ, 4 ತುಕಡಿಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಅವರಲ್ಲಿಯೇ ಒಬ್ಬನನ್ನು ಮುಂದಾಳಾಗಿ ನೇಮಿಸಿದರು. 1914ರಲ್ಲಿ ಮಹಾಯುದ್ಧವು ಒದಗಲು, ದಳನಾಯಕರಲ್ಲಿ ಅನೇಕರು ರಣರಂಗಕ್ಕೆ ತೆರಳಿದರು, ಹಲವರು ಮರಳಲಿಲ್ಲ. ತುಕಡಿ ಪದ್ಧತಿಯನ್ನು ಕುರಿತು ಗ್ರಂಥ ರಚಿಸಿದ ರೋಲೆಂಡ್ ಫಿಲಿಪ್ಸರೂ 1916ರಲ್ಲಿ ಫ್ರಾನ್ಸಿನ ಸೋಮ್ ಸಮರದಲ್ಲಿ ಮಡಿದರು. ನಾಯಕರಿಲ್ಲದ ಎಷ್ಟೋ ದಳಗಳನ್ನು ಆ ಎಳೆಯ ಮುಂದಾಳುಗಳೇ ನಡೆಯಿಸಿ ಉಳಿಸಿಕೊಂಡರು.

ಯುದ್ಧಾನಂತರ ಹೊಸ ನಾಯಕರು ಬಂದರು. ಅವರಲ್ಲಿ ಉತ್ಸಾಹವಿದ್ದಿತು, ಅನುಭವವಿರಲಿಲ್ಲ. ಆದುದರಿಂದ ಮೆಕ್‌ಲಾರೆನ್ ಎಂಬ ದಾನಿಯ ದ್ರವ್ಯದಿಂದ ಕೊಂಡ ಗಿಲ್ವೆಲ್ ಪಾರ್ಕಿನಲ್ಲಿ 1919ರ ಸೆಪ್ಟೆಂಬರಿನಲ್ಲಿ ನಾಯಕರಿಗಾಗಿಯೇ ಶಿಕ್ಷಣ ಶಿಬಿರವು ಆರಂಭವಾಯಿತು. ಅಲ್ಲಿ ವಯಸ್ಕರೂ ಬಾಲಕರಂತೆ ತುಕಡಿಗಳಲ್ಲಿದ್ದು, ಡೇರೆಯಲ್ಲಿ ವಾಸಿಸಿ, ತಾವು ಕಲಿಸಬೇಕಾದುದನ್ನು ಮೊದಲು ತಾವೇ ಮಾಡಿ ಕಲಿತರು.

ಕ್ಷೀಣಿಸಿದ ದಳಕ್ಕೆ ನಾಯಕನಾಗಿ ಬಂದವನು ಎಲ್ಲ ಭಾರವನ್ನೂ ತಾನೊಬ್ಬನೇ ಹೊರತಕ್ಕುದಲ್ಲ. ಉಳಿದ ನಾಲ್ವರು ಬಾಲಕರನ್ನೇ ನಂಬಿ, ಅವರಿಗೆ ಹೊಣೆಯನ್ನು ಹಂಚಿಕೊಟ್ಟು, ನುಡಿದಂತೆ ತಾನು ನಡೆದರೆ, ಬಾಡಿದ ಬಳ್ಳಿಯು ಬೇರಿನಿಂದಲೇ ಚಿಗುರುವುದು.