ಆಸ್ಪತ್ರೆಗೆ ದಾಖಲಾಗುವ ರೋಗಿಗಳಲ್ಲಿ ಹೃದಯ ಹಾಗೂ ರಕ್ತನಾಳಗಳ ಕಾಯಿಲೆಗಳ ಸ್ವರೂಪ

ಪೀಠಿಕೆ

ಹೃದಯ ಹಾಗೂ ರಕ್ತನಾಳಗಳ ಕಾಯಿಲೆಗಳು ಭಾರತದಲ್ಲಿ ಸಾವಿನ ಪ್ರಮುಖ ಕಾರಣಗಳಾಗಿರುತ್ತವೆ. ಈ ಕಾಯಿಲೆಗಳಿಂದ ಆಸ್ಪತ್ರೆಗೆ ಬರುವವರು ಯಾರು, ಯಾವ ಹಂತದಲ್ಲಿ ಬರುತ್ತಾರೆ ಹಾಗೂ ಸರ್ಕಾರದಿಂದ ದೊರೆಯುವ ಸೌಲಭ್ಯಗಳೇನು ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

1. ಪ್ರಮುಖ ಕಾಯಿಲೆಗಳು

ಅ) ಹೃದಯಾಘಾತ: ಹೃದಯಕ್ಕೆ ರಕ್ತ ಪೂರೈಸುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಉಂಟಾಗುತ್ತದೆ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದಲ್ಲಿ ಭಾರತೀಯರಲ್ಲಿ ಇದು ಚಿಕ್ಕ ವಯಸ್ಸಿನಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಆ) ಪಾರ್ಶ್ವವಾಯು: ಅಧಿಕ ರಕ್ತದೊತ್ತಡವು ಇದರ ಮುಖ್ಯ ಕಾರಣ.

ಇ) ಸಂಧಿವಾತ ಜ್ವರದಿಂದ ಬರುವ ಹೃದಯ ಕವಾಟದ ಕಾಯಿಲೆ: ಬಾಲ್ಯದಲ್ಲಿ ಗಂಟಲು ಸೋಂಕಿಗೆ ಸರಿಯಾದ ಚಿಕಿತ್ಸೆ ಪಡೆಯದವರಲ್ಲಿ ಕಂಡುಬರುತ್ತದೆ. ಸಂಧಿವಾತ ಜ್ವರ ಬಂದವರಿಗೆ ವೈದ್ಯರ ಸಲಹೆಯಂತೆ 3ರಿಂದ 4 ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ನೀಡಲಾಗುತ್ತದೆ. ಇದನ್ನು ಮಧ್ಯದಲ್ಲಿ ನಿಲ್ಲಿಸಬಾರದು.

ಈ) ಕಾಲಿನ ರಕ್ತನಾಳಗಳ ಕಾಯಿಲೆ: ಬೀಡಿ, ಸಿಗರೇಟು ಸೇದುವವರಲ್ಲಿ ಹಾಗೂ ಮಧುಮೇಹಿಗಳಲ್ಲಿ ಹೆಚ್ಚು. ನಡೆಯುವಾಗ ಮೀನಖಂಡದಲ್ಲಿ ನೋವು ಬರುವುದು, ನಿಂತರೆ ಕಡಿಮೆಯಾಗುವುದು ಇದರ ಮೊದಲ ಲಕ್ಷಣ.

2. ರೋಗಿಗಳ ನೋಂದಣಿಯಿಂದ ತಿಳಿದುಬಂದ ಅಂಶಗಳು

ಬೆಂಗಳೂರಿನ ಸಂಶೋಧಕರ ನೇತೃತ್ವದಲ್ಲಿ ದೇಶದ 50 ನಗರಗಳ 89 ಆಸ್ಪತ್ರೆಗಳಲ್ಲಿ ನಡೆದು, 2008ರಲ್ಲಿ ಪ್ರಕಟವಾದ 'ಕ್ರಿಯೇಟ್' ನೋಂದಣಿಯಲ್ಲಿ ಹೃದಯಾಘಾತ ಹಾಗೂ ತೀವ್ರ ಎದೆನೋವಿನ 20,468 ರೋಗಿಗಳ ವಿವರವಿದೆ. ಅದರ ಮುಖ್ಯಾಂಶಗಳು ಹೀಗಿವೆ:

• ರೋಗಿಗಳ ಸರಾಸರಿ ವಯಸ್ಸು 57.5 ವರ್ಷ.
• ಶೇ. 40ರಷ್ಟು ಮಂದಿ ಧೂಮಪಾನಿಗಳು, ಶೇ. 38ರಷ್ಟು ಮಂದಿಗೆ ಅಧಿಕ ರಕ್ತದೊತ್ತಡ ಹಾಗೂ ಶೇ. 30ರಷ್ಟು ಮಂದಿಗೆ ಮಧುಮೇಹವಿತ್ತು.
• ರಕ್ತನಾಳ ಸಂಪೂರ್ಣ ಮುಚ್ಚಿಹೋಗುವ ಗಂಭೀರ ಬಗೆಯ ಹೃದಯಾಘಾತ ಶೇ. 60ಕ್ಕೂ ಹೆಚ್ಚು ಮಂದಿಯಲ್ಲಿ ಕಂಡುಬಂದಿತ್ತು. ಇಂತಹ ರೋಗಿಗಳಲ್ಲಿ ಅರ್ಧದಷ್ಟು ಮಂದಿ ನೋವು ಆರಂಭವಾಗಿ 6 ಗಂಟೆ ಅಥವಾ ಅದಕ್ಕೂ ತಡವಾಗಿ ಆಸ್ಪತ್ರೆ ತಲುಪಿದ್ದರು.
• 30 ದಿನಗಳೊಳಗಿನ ಮರಣ ಪ್ರಮಾಣ ಬಡವರಲ್ಲಿ ಶೇ. 8.2, ಶ್ರೀಮಂತರಲ್ಲಿ ಶೇ. 5.5 ಇತ್ತು.

ಬಡ ರೋಗಿಗಳಿಗೆ ಅಗತ್ಯ ಔಷಧಿ ಹಾಗೂ ಚಿಕಿತ್ಸೆಗಳು ಕಡಿಮೆ ದೊರೆತಿದ್ದವು. ಚಿಕಿತ್ಸೆಯಲ್ಲಿನ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಮರಣ ಪ್ರಮಾಣದ ಅಂತರ ಉಳಿಯಲಿಲ್ಲ. ಅಂದರೆ, ಸಕಾಲದಲ್ಲಿ ಸರಿಯಾದ ಚಿಕಿತ್ಸೆ ದೊರೆತಲ್ಲಿ ಇಂತಹ ಅನೇಕ ಸಾವುಗಳನ್ನು ತಪ್ಪಿಸಬಹುದಾಗಿದೆ.

3. ತಡವಾಗಲು ಕಾರಣಗಳು

ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ಭಾವಿಸಿ ಸೋಡಾ ಕುಡಿದು ಅಥವಾ ಮಾತ್ರೆ ನುಂಗಿ ಕಾಯುವುದು ಸಾಮಾನ್ಯ. ಎದೆಯ ಮಧ್ಯಭಾಗದಲ್ಲಿ ಬಿಗಿತ, ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಇವು ಹೃದಯಾಘಾತದ ಲಕ್ಷಣಗಳು. ಮಹಿಳೆಯರಲ್ಲಿ, ವೃದ್ಧರಲ್ಲಿ ಹಾಗೂ ಮಧುಮೇಹಿಗಳಲ್ಲಿ ಎದೆನೋವಿಲ್ಲದೆ ಕೇವಲ ಸುಸ್ತು, ವಾಕರಿಕೆ ಅಥವಾ ಏದುಸಿರು ಇರಬಹುದು. ಇಂತಹ ಸಂದರ್ಭದಲ್ಲಿ ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು. ರೋಗಿಯು ತಾನೇ ವಾಹನ ಚಲಾಯಿಸಬಾರದು.

4. ಲಭ್ಯವಿರುವ ಸೌಲಭ್ಯಗಳು

ಅ) ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ: 2024ರಲ್ಲಿ ಆರಂಭವಾದ ಈ ಯೋಜನೆಯಡಿ ಆಯ್ದ ತಾಲ್ಲೂಕು ಹಾಗೂ ಜಿಲ್ಲಾ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ಮಾಡಿ, ದೂರದ ತಜ್ಞರಿಂದ ಪರಿಶೀಲಿಸಲಾಗುತ್ತದೆ. ಅವಶ್ಯವಿದ್ದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡಿ, ಬಳಿಕ ದೊಡ್ಡ ಆಸ್ಪತ್ರೆಗೆ ಕಳುಹಿಸಲಾಗುತ್ತದೆ.

ಆ) ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ: ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ.ಗಳವರೆಗೆ ಚಿಕಿತ್ಸೆ ಲಭ್ಯ. ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂ. ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ತುರ್ತು ಸಂದರ್ಭದಲ್ಲಿ ಇದರ ಅಗತ್ಯವಿರುವುದಿಲ್ಲ.

ಇ) ತಪಾಸಣೆ: 30 ವರ್ಷ ಮೇಲ್ಪಟ್ಟವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಹಾಗೂ ಮಧುಮೇಹ ತಪಾಸಣೆ ಉಚಿತವಾಗಿರುತ್ತದೆ.

5. ಸಾರ್ವಜನಿಕರ ಗಮನಕ್ಕೆ

• ಆಧಾರ್ ಹಾಗೂ ಪಡಿತರ ಚೀಟಿಯೊಂದಿಗೆ ಆರೋಗ್ಯ ಕಾರ್ಡನ್ನು ಮುಂಚಿತವಾಗಿಯೇ ಮಾಡಿಸಿಕೊಳ್ಳುವುದು. ಕಾರ್ಡಿಲ್ಲವೆಂಬ ಕಾರಣಕ್ಕೆ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬಾರದು.
• ಹಳೆಯ ಇ.ಸಿ.ಜಿ., ಬಿಡುಗಡೆ ಪತ್ರ ಹಾಗೂ ಔಷಧಿ ಚೀಟಿಗಳನ್ನು ಒಂದೆಡೆ ಇಟ್ಟು, ಆಸ್ಪತ್ರೆಗೆ ಬರುವಾಗ ತರುವುದು.
• ಬಿಡುಗಡೆಯ ನಂತರ ನೋವಿಲ್ಲವೆಂದು ಮಾತ್ರೆ ನಿಲ್ಲಿಸಬಾರದು. ರಕ್ತದೊತ್ತಡದ ಮಾತ್ರೆಗಳಿಗೂ ಇದು ಅನ್ವಯಿಸುತ್ತದೆ.

ಹೆಚ್ಚಿನ ಮಾಹಿತಿಗಾಗಿ ತಮ್ಮ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಲು ಕೋರಲಾಗಿದೆ.